ಅರ್ಧ ತಾಸಿನ ಪಟ್ಟಿ

ಆ ಕಾಲದ ಮನೋರೋಗದ ವಾರ್ಡುಗಳಲ್ಲಿ ಕೈ ತೊಳೆಯುವಷ್ಟೇ ಸಹಜವಾದ ಇನ್ನೊಂದು ನಿಯಮವಿತ್ತು. ಔಷಧಿ ಬರೆಯುವ ಮುನ್ನ ಡಾಕ್ಟರು ರೋಗಿಯ ಮಣಿಕಟ್ಟಿಗೊಂದು, ತಮ್ಮ ಮಣಿಕಟ್ಟಿಗೊಂದು ಪಟ್ಟಿ ಕಟ್ಟಿ, ರೋಗಿಗೆ ಆಗುವುದೆಲ್ಲ ತಮಗೂ ಆಗುವಂತೆ ಅರ್ಧ ತಾಸು ಜೊತೆಗೆ ಕೂರಬೇಕು.

ದಾಕ್ಷಾಯಣಿಯ ಮೂವತ್ತರ ಮಗಳು ನೀಲಾಂಬಿಕೆಗೆ ಹುಟ್ಟಿನಿಂದ ಬುದ್ಧಿ ನಿಧಾನ. ಬರುವ ಮಾತು ಹತ್ತೋ ಹನ್ನೆರಡೋ. ಎರಡು ತಿಂಗಳಿಂದ ಅವಳು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಮನೋರೋಗದ ವಾರ್ಡಾಗಲಿ ಪಟ್ಟಿಯಾಗಲಿ ಇಲ್ಲದ ಹಿಂದಿನ ಆಸ್ಪತ್ರೆಯಲ್ಲಿ, ಇಂಥವರು ಹೀಗೇ ಎಂದು ಇಡೀ ದಿನ ಮಲಗಿಸುವ ಗುಳಿಗೆ ಕೊಟ್ಟಿದ್ದರು. ಇಲ್ಲಿಯೂ ಅದನ್ನೇ ಬರೆದರೆ ಮಗಳು ಕೈತಪ್ಪಿದಂತೆಯೇ ಎಂದು ದಾಕ್ಷಾಯಣಿಗೆ ಹೆದರಿಕೆ.

ಡಾಕ್ಟರ್ ರೆಹಾನಾ ನೀಲಾಂಬಿಕೆಗೊಂದು, ತಮಗೊಂದು ಪಟ್ಟಿ ಕಟ್ಟಿ ಕೂತರು. ಹೊರಗೆ ಯಾರೋ ಗಂಡಸು ನಡೆದುಬಂದ ಸದ್ದಾಯಿತು. ಇಬ್ಬರ ಕತ್ತೂ ಒಟ್ಟಿಗೆ ಬಾಗಿಲ ಕಡೆ ತಿರುಗಿತು. ಸದ್ದು ಮುಂದೆ ಹೋದಾಗ ಡಾಕ್ಟರ ಕಣ್ಣು ತುಂಬಿತ್ತು.

"ಅಮ್ಮಾರ, ನಿಮ್ಮ ಮಗಳು ಯಾರ ದಾರಿ ಕಾಯಾಕತ್ತಾಳ್ರಿ?"

ದಾಕ್ಷಾಯಣಿ ಸೆರಗಿನ ಅಂಚು ತಿರುವಿದಳು. "ಅವರಪ್ಪ ತೀರಿಕೊಂಡು ಎರಡು ತಿಂಗಳಾತ್ರಿ. ಇಕಿಗೆ ತಿಳಿಯಂಗಿಲ್ಲಂತ, ಊರಿಗೆ ಹೋಗ್ಯಾನ, ಬರ್ತಾನ ಅಂತ ಹೇಳೀನಿ."

"ಬರ್ತಾನ ಅನ್ನೂದು ಚೊಲೋ ತಿಳದೈತ್ರಿ ಅಕಿಗೆ. ಈಗ ಖರೇ ಹೇಳ್ರಿ. ನಾ ಪಟ್ಟಿ ಬಿಚ್ಚಂಗಿಲ್ಲ."

ದಾಕ್ಷಾಯಣಿ ಮಗಳ ಮುಖವನ್ನು ಬೊಗಸೆಯಲ್ಲಿ ಹಿಡಿದಳು. "ಅಪ್ಪ ಸತ್ತಾನ, ನೀಲವ್ವ. ಇನ್ನ ಬರಂಗಿಲ್ಲ. ನನಗೂ ಭಾಳ ನೆನಪಾಗ್ತೈತಿ."

ನೀಲಾಂಬಿಕೆ ಬಹಳ ಹೊತ್ತು ಅವ್ವನನ್ನೇ ನೋಡಿದಳು. ಆಮೇಲೆ ಅವಳ ಭುಜಕ್ಕೆ ಹಣೆ ಒತ್ತಿ, ದೊಡ್ಡ ದನಿ ತೆಗೆದು ಅತ್ತಳು. ನರ್ಸು ಸೂಜಿ ಹಿಡಿದು ಓಡಿಬಂದಳು. ತಮ್ಮ ಕೆನ್ನೆ ಒರೆಸಿಕೊಳ್ಳುತ್ತಲೇ ಡಾಕ್ಟರು ತಡೆದರು.

"ಬ್ಯಾಡವ್ವ, ಅಳಲಿ. ಎದಿ ಹಗುರ ಆಗಾಕತ್ತೈತಿ, ನನಗ ಗೊತ್ತಾಗ್ತೈತಿ."