ಅಚ್ಚಿನ ಕಾವು

ಸೆಲ್ವಮೇರಿಯ ಬಲಗೈಗೆ ಕೊಬ್ಬರಿ ಎಣ್ಣೆ ಸವರುವಾಗ ನೆಲ್ಸನ್‌ನ ಬೆರಳುಗಳೇ ಮರಗಟ್ಟಿದವು. ರಾತ್ರಿಯೆಲ್ಲ ಫ್ರೀಜರ್ ಪೆಟ್ಟಿಗೆಯಲ್ಲಿದ್ದ ಶರೀರವನ್ನು ಆಗಷ್ಟೇ ಹೊರತೆಗೆದು ಮಂಚದ ಮೇಲೆ ಮಲಗಿಸಿದ್ದರು. ಚರ್ಚುಗಳಿಗೆ ಪ್ಲಾಸ್ಟರಿನ ಪ್ರತಿಮೆ ಮಾಡಿಕೊಡುವ ನೆಲ್ಸನ್, ಸತ್ತವರ ಕೈಯ ಅಚ್ಚನ್ನು ಎಂದೂ ತೆಗೆದವನಲ್ಲ. ಆದರೆ ಸೆಲ್ವಮೇರಿಯ ಮಗಳು ಮರ್ಲಿನ್ ಬೆಳಿಗ್ಗೆ ಅವನ ಶೆಡ್ಡಿಗೇ ಬಂದು, "ಅಮ್ಮನ ಕೈಯಾದ್ರೂ ಮನೇಲಿ ಉಳೀಲಿ" ಎಂದು ಅತ್ತಾಗ ಆಗುವುದಿಲ್ಲವೆನ್ನಲು ಬಾಯಿ ಬಂದಿರಲಿಲ್ಲ.

"ಬೇಗ ಮುಗಿಸ್ಬಿಡಿ ನೆಲ್ಸನ್," ಎಂದಳು ಮರ್ಲಿನ್ ಮೆಲ್ಲಗೆ. "ಅಪ್ಪಂಗೆ ಇನ್ನೂ ಹೇಳಿಲ್ಲ. ನಿನ್ನೆ ಆಸ್ಪತ್ರೇಲಿ ಅಮ್ಮನ ಕೈ ಮುಟ್ಟಿ ಬೆಚ್ಚಿಬಿದ್ರು. ಆಮೇಲೆ ಹತ್ರಾನೇ ಬಂದಿಲ್ಲ. ಅಳ್ತಾನೂ ಇಲ್ಲ."

ಹೊರಗೆ ವೆರಾಂಡಾದಲ್ಲಿ ಅವಳಪ್ಪ ಆರೋಗ್ಯಸ್ವಾಮಿ ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದರು. ನೆಲ್ಸನ್ ಸೆಲ್ವಮೇರಿಯ ಅಂಗೈಯನ್ನು ಹಲಗೆಯ ಮೇಲೆ ಬೋರಲಾಗಿಟ್ಟು, ಪ್ಲಾಸ್ಟರ್ ಪುಡಿಯನ್ನು ಮೊಸರಿನ ಹದಕ್ಕೆ ಕಲಸಿ ಪದರಪದರವಾಗಿ ಹೊಯ್ದ. ಬೆರಳು, ಉಂಗುರ, ಉಬ್ಬಿದ ನರ ಎಲ್ಲವೂ ಬಿಳುಪಿನಲ್ಲಿ ಮುಳುಗಿದವು. ಇನ್ನು ಅದು ಬಿಗಿಯುವುದನ್ನು ಕಾಯುವುದಷ್ಟೇ ಕೆಲಸ.

ಅಷ್ಟರಲ್ಲಿ ಶವದ ಗಾಡಿ ಬಂತೆಂದು ಹೇಳಲು ಆರೋಗ್ಯಸ್ವಾಮಿ ಬಾಗಿಲು ತಳ್ಳಿದರು. ಹೆಂಡತಿಯ ಕೈ ಇರಬೇಕಾದಲ್ಲಿ ಬಿಳಿಯ ಗುಡ್ಡೆ. ಅವರ ಮುಖ ಕೆಂಪೇರಿತು.

"ಏನ್ ಮಾಡ್ತಿದೀರಾ ಅವಳ್ನ? ತೆಗೀರಿ ಮೊದ್ಲು!" ಎನ್ನುತ್ತ ಧಾವಿಸಿ ಬಂದು ಆ ಗುಡ್ಡೆಯನ್ನು ಕಿತ್ತೆಸೆಯಲು ಹಿಡಿದವರು ಹಾಗೇ ನಿಂತರು.

"ಮರ್ಲಿನ್... ಬೆಚ್ಚಗೈತೆ ಕಣಮ್ಮ. ಬಿಸಿ ಏರ್ತಾ ಐತೆ. ಡಾಕ್ಟ್ರನ್ನ ಕರಿ!"

ಮರ್ಲಿನ್ ಬಾಯಿಗೆ ಕೈ ಅಡ್ಡ ಹಿಡಿದು ನೆಲ್ಸನ್‌ನತ್ತ ನೋಡಿದಳು. ಸುಮ್ಮನಿದ್ದರೆ ಈ ಆಸೆ ಇನ್ನಷ್ಟು ಬಲಿಯುತ್ತದೆ. ಹೇಳಿದರೆ, ನಿನ್ನೆ ಸತ್ತವಳು ಅವರ ಪಾಲಿಗೆ ಇಂದು ಮತ್ತೊಮ್ಮೆ ಸಾಯುತ್ತಾಳೆ. ಅವನು ಮಂಚದ ಪಕ್ಕ ಮೊಣಕಾಲೂರಿದ.

"ಅಂಕಲ್, ಅದು ಪ್ಲಾಸ್ಟರಿನ ಬಿಸಿ. ಜಿಪ್ಸಮ್ ಅನ್ನೋ ಕಲ್ಲನ್ನ ಬೇಯಿಸಿ ಈ ಪುಡಿ ಮಾಡ್ತಾರೆ. ಬೇಯುವಾಗ ಅದರೊಳಗಿನ ನೀರು ಹೋಗುತ್ತೆ, ಕಾವು ಒಳಗೆ ಸೇರ್ಕೊಳ್ಳುತ್ತೆ. ಈಗ ಮತ್ತೆ ನೀರು ಕುಡಿದು ಕಲ್ಲಾಗ್ತಿದೆ. ಅವತ್ತು ತಗೊಂಡ ಕಾವನ್ನ ಈಗ ಆಚೆ ಬಿಡ್ತಿದೆ."

"ಅಂದ್ರೆ ಅವಳದ್ದಲ್ಲ."

"ಅಲ್ಲ ಅಂಕಲ್."

"ಎಷ್ಟೊತ್ತಿರುತ್ತೆ?"

"ಸ್ವಲ್ಪ ಹೊತ್ತು. ಆಮೇಲೆ ಆರಿಹೋಗುತ್ತೆ."

ಆರೋಗ್ಯಸ್ವಾಮಿ ತಲೆಯಾಡಿಸಿದರು. ಕೈ ಮಾತ್ರ ಬಿಡಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು, ಎರಡು ದಿನದಲ್ಲಿ ಮೊದಲ ಸಲ ಹೆಂಡತಿಯ ಮುಖವನ್ನು ನೇರವಾಗಿ ನೋಡಿದರು. "ನಿನ್ನೆ ಹೆದರ್ಕೊಂಡ್ಬುಟ್ಟೆ ಕಣೇ ಮೇರಿ," ಎಂದರು. "ನಿನ್ ಕೈ ಅಷ್ಟು ತಣ್ಣಗೆ ಯಾವತ್ತಿತ್ತು ಹೇಳು? ನನ್ ಕೈ ಎಳ್ಕೊಂಬುಟ್ಟೆ." ಅಲ್ಲಿಂದ ಅಳು ಕಟ್ಟೆಯೊಡೆಯಿತು. ಹೊರಗೆ ಗಾಡಿಯವನು ಹಾರನ್ ಹೊಡೆದಾಗ ಮರ್ಲಿನ್ ಕಿಟಕಿಯಿಂದಲೇ ಕೈಬೀಸಿ ಸುಮ್ಮನಾಗಿಸಿದಳು. ಕಾವು ಏರಿತು, ನಿಂತಿತು, ಮೆಲ್ಲಗೆ ಇಳಿಯಿತು. ಪೂರ್ತಿ ಆರಿದ ಮೇಲೆ ಅವರೇ ಎದ್ದರು. "ಆಯ್ತು ಕಣಪ್ಪ, ತೆಗಿ. ಕರ್ಕೊಂಡ್ ಹೋಗಣ."

ಮಣ್ಣು ಮಾಡಿದ ಕೆಲವು ದಿನಗಳಿಗೆ ನೆಲ್ಸನ್ ತಂದೆ ಮಗಳಿಬ್ಬರನ್ನೂ ಶೆಡ್ಡಿಗೆ ಕರೆಸಿದ. ಅಚ್ಚಿನೊಳಗೆ ಪ್ಲಾಸ್ಟರ್ ತುಂಬಿ ಒಣಗಿಸಿಯಾಗಿತ್ತು. ಆದರೆ ಅಚ್ಚಿನ ಹೊರಮೈಯಲ್ಲಿ, ಇನ್ನೂ ಹಸಿಯಿದ್ದಾಗ ಒತ್ತಿದ ನಾಲ್ಕು ಬೆರಳುಗಳ ಗುಳಿ, ಆಚೆ ಬದಿಗೆ ಹೆಬ್ಬೆರಳಿನದೊಂದು. ಗೆರೆಗೆರೆಯೂ ಮೂಡಿತ್ತು.

"ಇದನ್ನ ಒಡೆದ್ರೇನೇ ಒಳಗಡೆ ಅಮ್ಮನ ಕೈ ಸಿಗೋದು," ಎಂದ ಅವನು. "ಒಡೆದ್ರೆ ಇದು ಉಳಿಯಲ್ಲ. ಒಡೆಯೋಕೆ ನನಗೆ ಕೈ ಬರ್ಲಿಲ್ಲ."

"ಹಾಗೇ ಇರ್ಲಿ ಬಿಡಿ," ಎಂದಳು ಮರ್ಲಿನ್ ತಕ್ಷಣ. "ಅಪ್ಪ ಹಿಡ್ಕೊಂಡಿರೋ ಹಾಗೇ ಇರ್ಲಿ."

ಆರೋಗ್ಯಸ್ವಾಮಿ ಗುಳಿಗಳನ್ನು ನೋಡಿದರು, ಮಗಳನ್ನು ನೋಡಿದರು. "ಬ್ಯಾಡ. ಒಡಿ ಮಗಾ. ಹಿಡ್ಕೊಂಡಿದ್ದು ನಂಗೊತ್ತಲ್ಲ, ಸಾಕು. ಇವಳಿಗೆ ಇವಳಮ್ಮನ ಕೈ ಬೇಕು."

ನೆಲ್ಸನ್ ಮಣಿಕಟ್ಟಿನ ಕಡೆಯಿಂದ ಉಳಿ ಇಟ್ಟ. ಬೆರಳಿನ ಗುರುತುಗಳಿದ್ದ ಭಾಗವನ್ನು ಕೊನೆಗೆ ಉಳಿಸಿಕೊಂಡ. ಆ ಭಾಗವೂ ಕಳಚಿ ಬಿದ್ದಾಗ ಸೆಲ್ವಮೇರಿಯ ಕೈ, ಉಂಗುರ ಸಮೇತ, ಬೆಳಕಿಗೆ ಬಂತು. ಆರೋಗ್ಯಸ್ವಾಮಿ ಅದನ್ನೇ ನೋಡುತ್ತ ನಿಂತರು. ಮರ್ಲಿನ್ ನೋಡಲಿಲ್ಲ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಚೂರುಗಳ ನಡುವೆ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಆಯ್ದು ವೇಲಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು.