ಒಂದೇ ಪ್ರತಿ

ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅವಳು ಆ ಕಾದಂಬರಿಯನ್ನು ರಸಾಯನಶಾಸ್ತ್ರದ ಕಪಾಟಿಗೆ ಒಯ್ದಳು. ಎರಡು ದಪ್ಪ ಪುಸ್ತಕಗಳ ಹಿಂದೆ ತಳ್ಳಿದಳು. ಸಾಹಿತ್ಯ ಓದುವವರು ಸತ್ತರೂ ಆ ಕಡೆ ತಲೆ ಹಾಕುವುದಿಲ್ಲ. ಕದ್ದಂತೆಯೂ ಆಗಲಿಲ್ಲ, ಪುಸ್ತಕ ಗ್ರಂಥಾಲಯದಲ್ಲೇ ಇದೆಯಲ್ಲ! ಪರೀಕ್ಷೆ ಹತ್ತಿರ ಬಂದಾಗ ವಿದ್ಯಾರ್ಥಿಗಳು ಮಾಡುವ ಹಳೆಯ ಕಿತಾಪತಿ ಇದು.

ಕಾದಂಬರಿ ಈಗ ಅಂಗಡಿಗಳಲ್ಲಿ ಸಿಗುವುದಿಲ್ಲ. ಗ್ರಂಥಾಲಯದಲ್ಲಿ ಇದ್ದದ್ದು ಒಂದೇ ಪ್ರತಿ. ಹೊಳೆಯ ಪಾಲಾದ ದೋಣಿಗಾರನ ಹೆಂಡತಿಯ ಕಥೆ. 'ಕೊನೆಯಲ್ಲಿ ಆ ಹೆಂಗಸು ಮಾಡಿದ್ದು ಸರಿಯೇ?' ಎಂದು ಮೇಷ್ಟ್ರು ಪ್ರಬಂಧ ಬರೆಯಲು ಕೊಟ್ಟಿದ್ದರು. ಮೊದಲ ಸ್ಥಾನ ಪಡೆದವರು ವಾರ್ಷಿಕೋತ್ಸವದ ದಿನ ಇಡೀ ಕಾಲೇಜಿನೆದುರು ಅದನ್ನು ಓದಬೇಕು. ಒಬ್ಬರಿಗೇ ಅವಕಾಶ. ಜನ್ಮದಲ್ಲಿ ಒಂದೇ ಒಂದು ಸಲ ಮೈಕಿನ ಮುಂದೆ ನಿಂತು ತನ್ನ ಮಾತನ್ನು ನಾಲ್ಕು ಜನರಿಗೆ ಕೇಳಿಸಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಅಡ್ಡ ಇದ್ದವಳು ಮುಂಬೆಂಚು. ಮೊದಲ ಸಾಲಿನಲ್ಲಿ ಕೂರುವ ಹುಡುಗಿಗೆ ಅವಳು ಮನಸ್ಸಿನಲ್ಲೇ ಇಟ್ಟ ಹೆಸರು. ಉಳಿದವರ ಚಿಂತೆ ಅವಳಿಗಿರಲಿಲ್ಲ. ಅವರೆಲ್ಲ ಯಾರಿಂದಲೋ ಸಾರಾಂಶ ಕೇಳಿಕೊಂಡು ಬರೆಯುವ ಜಾತಿ.

ಇಬ್ಬರದೂ ಒಂದೇ ತರಗತಿ, ಒಂದೇ ಬಸ್ಸು, ಒಂದೇ ಬಾಡಿಗೆ ಮನೆ. ಆದರೆ ಕಾಲೇಜಿನ ಗೇಟು ದಾಟಿ ಒಳಗೆ ಹೋದರೆ ಪರಿಚಯವಿಲ್ಲ, ಮಾತಿಲ್ಲ. ಸೇರಿದ ದಿನವೇ ಆದ ಕರಾರು ಅದು, ಅವಳದೇ ಹಟ. ಇನ್ನೊಬ್ಬರ ನೆರಳಿನಲ್ಲಿ ಬದುಕುವುದು ಅವಳಿಗೆ ಸಾಕಾಗಿತ್ತು.

ಮನೆಯಲ್ಲಿ ಅಡುಗೆ ಯಾರದು? ಅವಳದು. ಪಾತ್ರೆ? ಅದೂ ಅವಳದೇ. ಮುಂಬೆಂಚು ಉಂಡ ತಟ್ಟೆ ಸರಿಸಿ, ಪುಸ್ತಕ ಹಿಡಿದು, ಮಂಚದ ಮೇಲೆ ಕಾಲು ಚಾಚಿದರೆ ಮುಗಿಯಿತು. ಅವಳಿಗೆ ಓದಲು ಸಿಗುತ್ತಿದ್ದದ್ದು ಕುಕ್ಕರ್ ಕೂಗುವ ತನಕದ ಹೊತ್ತು. ಇಷ್ಟಾದರೂ ತರಗತಿಯಲ್ಲಿ ಭೇಷ್ ಅನ್ನಿಸಿಕೊಳ್ಳುವವಳು ಯಾರು? ಹೊಟ್ಟೆ ಉರಿಯದೆ ಇನ್ನೇನಾದೀತು!

ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಆ ಮೇಷ್ಟ್ರೂ ಅಷ್ಟೇ. ಮುಂಬೆಂಚಿಗೆ "ನೀನು ಹೇಳಮ್ಮ" ಎಂಬ ಸಲಿಗೆ. ಅವಳು ಕೊನೆಯ ಬೆಂಚಿನಿಂದ ಕೈ ಎತ್ತಿದರೆ "ಹಾಂ, ನೀವು ಹೇಳಿ" ಎನ್ನುವರು, ದಾರಿಹೋಕರನ್ನು ಮಾತಾಡಿಸಿದ ಹಾಗೆ. ಆ 'ನೀವು' ಕೇಳಿದಾಗಲೆಲ್ಲ ಅವಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಆದರೆ ಈ ಸಲ ಗೆಲುವು ತನ್ನದೇ. ಆ ಕಾದಂಬರಿಯನ್ನು ಅವಳು ಹಿಂದೆಯೇ ಓದಿದ್ದಳು. ಸಾಲು ಸಾಲು ನೆನಪಿತ್ತು.

ಸಂಜೆ ಮುಂಬೆಂಚು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ದೋಣಿಗಾರನ ಪುಸ್ತಕ ಎಲ್ಲೂ ಇಲ್ಲ. ನೀನು ನೋಡಿದ್ಯಾ?"

"ನಾನ್ಯಾಕೆ ನೋಡ್ಲಿ? ಯಾರೋ ತಗೊಂಡಿರ್ತಾರೆ."

"ನೀನು ಬರೆದಾಯ್ತಾ? ತೋರಿಸು."

"ನಿನ್ನದು ನೀನು ಬರಿ."

ಮುಂಬೆಂಚು ನಕ್ಕಳು. "ಹೋಗ್ಲಿ ಬಿಡು. ಮೇಷ್ಟ್ರು ಅರ್ಧ ಕಥೆ ಹೇಳಿದ್ರಲ್ಲ. ಮಿಕ್ಕಿದ್ದು ನಂಗೊತ್ತು."

ಗೊತ್ತಂತೆ! ಅವಳು ಬೆನ್ನು ತಿರುಗಿಸಿ ನಲ್ಲಿಯನ್ನು ಜೋರಾಗಿ ಬಿಟ್ಟಳು. ಕೊನೆ ಗೊತ್ತಿಲ್ಲದೆ ಕೊನೆಯ ಬಗ್ಗೆ ಅದೇನು ಬರೆಯುತ್ತಾಳೋ ಬರೆಯಲಿ. ಒಳಗೆಲ್ಲೋ ಮುಳ್ಳು ಚುಚ್ಚಿದ್ದು ನಿಜ. ಆದರೂ ಅಂದು ಅವಳು ಪಾತ್ರೆ ತೊಳೆಯುತ್ತಾ ಹಾಡು ಗುನುಗಿದಳು.

ಪ್ರಬಂಧಗಳನ್ನು ಹಿಂದಿರುಗಿಸುವ ದಿನ ಮೇಷ್ಟ್ರು ಮೊದಲು ನೋಡಿದ್ದೇ ಕೊನೆಯ ಬೆಂಚಿನ ಕಡೆ. ಅವಳು ಕನ್ನಡಕ ಸರಿಮಾಡಿಕೊಂಡಳು.

"ನಿಮ್ಮದು ಬಹಳ ಅಚ್ಚುಕಟ್ಟಾಗಿದೆ. ಪುಸ್ತಕದಲ್ಲಿ ಇದ್ದದ್ದನ್ನ ಇದ್ದ ಹಾಗೇ ಹಿಡಿದಿದ್ದೀರಿ. ಕಾದದ್ದೇ ಸರಿ ಅಂತ ವಾದನೂ ಮಾಡಿದ್ದೀರಿ. ಎರಡನೇ ಸ್ಥಾನ."

ಎರಡನೆಯದು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಮೊದಲನೇದು ನಿಂದಮ್ಮ" ಎಂದರು ಮೇಷ್ಟ್ರು, ಮುಂದಿನ ಸಾಲಿಗೆ. "ಹಾಗೆ ನೋಡಿದರೆ ನೀನು ಬರೆದಿರೋದು ತಪ್ಪು. ಪುಸ್ತಕದಲ್ಲಿ ಆ ಹೆಂಗಸು ದಡದಲ್ಲೇ ಕೂತು, ಗಂಡನ ದಾರಿ ಕಾದು ಕಾದು ಸಾಯ್ತಾಳೆ. ನಿನ್ನ ಹೆಂಗಸು ದೋಣಿಯ ಹಗ್ಗ ಬಿಚ್ಚಿ, ತಾನೇ ಹುಟ್ಟು ಹಾಕ್ಕೊಂಡು ಆಚೆ ದಡಕ್ಕೆ ಹೋಗ್ತಾಳೆ. ಅಲ್ಲಿ ಮಕ್ಕಳ ಜೊತೆ ಶಾಲೆಗೆ ಕೂರ್ತಾಳೆ! ಬರೆದ ಪುಣ್ಯಾತ್ಮರಿಗೇ ಹೊಳೆಯದ ಕೊನೆ ಇದು. ಎಲ್ಲಿಂದ ತಂದೆ?"

ಕೊನೆಯ ಬೆಂಚಿನಲ್ಲಿ ಅವಳ ಕೈಯಿಂದ ಪೆನ್ನು ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲಿಲ್ಲ.

ಮುಂಬೆಂಚು ಎದ್ದು ನಿಂತಳು. ಮುಖ ಕೆಂಪಾಗಿತ್ತು. "ಪುಸ್ತಕ ಸಿಗ್ಲಿಲ್ಲ ಸರ್. ಚಿಕ್ಕೋಳಿದ್ದಾಗ ಅಮ್ಮ ಊಟ ಮಾಡಿಸ್ತಾ ಈ ಕಥೆ ಹೇಳ್ತಿದ್ಲು. ಕೊನೆ ಹೀಗೇ ಇರೋದು ಅಂದ್ಕೊಂಡಿದ್ದೆ."

ತರಗತಿ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ.

"ಹಾಗಾದ್ರೆ ಈ ಬಹುಮಾನ ನಿಂದಲ್ಲ, ನಿಮ್ಮಮ್ಮಂದು. ವೇದಿಕೆ ಮೇಲೆ ಅವರೇ ನಿಂತು ಓದಲಿ. ಒಂದು ದಿನ ಕಾಲೇಜಿಗೆ ಕರ್ಕೊಂಡು ಬಾ."

ಮುಂಬೆಂಚು ತುಟಿ ಕಚ್ಚಿಕೊಂಡಳು. ಗೇಟಿನ ಕರಾರು ನೆನಪಾಯಿತೇನೋ, ಒಂದು ಗಳಿಗೆ ತಡೆದಳು. ಆಮೇಲೆ ಮೆಲ್ಲಗೆ ಹಿಂದಕ್ಕೆ ತಿರುಗಿದಳು.

"ದಿನಾ ಬರ್ತಾಳೆ ಸರ್. ಕೊನೆ ಬೆಂಚಲ್ಲಿ ಕೂತಿದ್ದಾಳೆ."