ಹೋಗಿ ಬಾರವ್ವಾ

ನಾನು, ಅವ್ವ ಈಗಿರುವ ಲಾರೆನ್ಸ್‌ವಿಲ್‌ನ ಈ ಮನೆಯ ಹತ್ತಿರ ಹೊಳೆಯಿಲ್ಲ. ಆದರೂ ಇಂದು ಬೇಸ್‌ಮೆಂಟಿನಲ್ಲಿ ಹೊಳೆಯ ಕೆಸರಿನ ವಾಸನೆ.

ನಾನು ಚಿಕ್ಕವಳಿದ್ದಾಗ ನಾವು ಮಿಸಿಸಿಪ್ಪಿ ಹೊಳೆಯ ದಡದ ಸಣ್ಣ ಊರಿನಲ್ಲಿದ್ದೆವು. ನೆರೆ ಇಳಿದ ಮಧ್ಯಾಹ್ನ ಬೀದಿಯವರೆಲ್ಲ ಸೇರಿ ಪಕ್ಕದ ಮನೆಯ ರೂತ್ ಆಂಟಿಯ ಬೇಸ್‌ಮೆಂಟಿನಿಂದ ಕೆಸರು ಎತ್ತಿದೆವು. ಅಲ್ಲಿಯ ಗೋಡೆಯ ಮೇಲೆ ಅವರ ಅಜ್ಜನ ಕಾಲದಿಂದಲೂ ಪ್ರತಿ ನೆರೆಯ ನೀರು ಏರಿದ ಮಟ್ಟಕ್ಕೊಂದು ಗೆರೆಯಿತ್ತು. ಅವ್ವ ಹೊಸ ಗೆರೆಗೆ ಕುಂಕುಮ ಹಚ್ಚಿ, ಹೊಳೆಯ ದಿಕ್ಕಿಗೆ ಕೈಮುಗಿದು, "ಹೋಗಿ ಬಾರವ್ವಾ" ಎಂದಳು.

ಆಂಟಿ ಅರ್ಥ ಕೇಳಿದರು. "ಹೋಗಿ ಮತ್ತೆ ಬಾ ಅಂತ," ನಾನು ಇಂಗ್ಲಿಷಿನಲ್ಲಿ ಹೇಳಿದೆ.

ಎಲ್ಲರ ಸಲಿಕೆಗಳೂ ನಿಂತವು.

"ಇಲ್ಲಿ ಹೊಳೆಯನ್ನು ಯಾರೂ ಕರೆಯುವುದಿಲ್ಲ, ಮಗು," ಎಂದರು ಆಂಟಿ.

ಅವರ ಮಾತನ್ನು ಅವ್ವನಿಗೆ ಹೇಳಿದೆ. "ಬರೇ ಹೋಗು ಅಂತ ಯಾರಿಗರ ಅಂತಾರೇನು? ಅಪಶಕುನ," ಎಂದಳು.

ಹೊರಡುವಾಗ ತಿರುಗಿ ನೋಡಿದೆ. ಒರೆಸಿದ್ದ ನೆಲದಲ್ಲಿ ನೀರು ಮತ್ತೆ ಜಿನುಗಿ, ಮೆಟ್ಟಿಲ ಬಳಿ ನಿಂತಿದ್ದ ಅವ್ವನ ಕಡೆಗೇ ಬರುತ್ತಿತ್ತು.